ಒಂದೇ ಹಗ್ಗ, ದುಂಡು ಕಣ

ಕೇಳುಗರಿಗೆ ನಮಸ್ಕಾರ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ರಾಗಿ ಬೆಳೆಯುವ ಮನೆಗಳಲ್ಲಿ ರೇಡಿಯೋ ಹಾಕಿಕೊಂಡು ಕೂತಿದ್ದರೆ, ಈ ಮಾತು ನಿಮಗೇ. ಹಗ್ಗ ಒಂದೇ ಆದರೆ, ಜಾಸ್ತಿ ಜಾಗ ಹಿಡಿಯುವುದು ದುಂಡು.

ನಾನಾಗ ಏಳನೇ ಕ್ಲಾಸು. ಸುಗ್ಗಿಗೆ ಮುಂಚೆ ಕಣ ಮಾಡಬೇಕಿತ್ತು. ಚಿಕ್ಕಪ್ಪ 40 ಮಾರು ಹಗ್ಗ ತಂದು ಬದುವಿನ ಪಕ್ಕ ಹಾಸಿದರು. 15 ಮಾರು ಉದ್ದ, 5 ಮಾರು ಅಗಲ. ತಾತ ಬಂದು ನೋಡಿದರು.

"ಏನೋ ಇದು, ಓಣಿ ಥರ ಇದೆ?"

"ಹೆಂಗೆ ಹಾಕಿದರೂ ಹಗ್ಗ ಅಷ್ಟೇ ಅಲ್ವಾ ಅಪ್ಪಾ? ಜಾಗಾನೂ ಅಷ್ಟೇ."

ತಾತ ವಾದಕ್ಕೆ ಹೋಗಲಿಲ್ಲ. ಮೇಟಿ ನೆಟ್ಟರು. ಅದಕ್ಕೆ ದಾರ ಕಟ್ಟಿ, ಆರು ಮಾರಿಗಿಂತ ಸ್ವಲ್ಪ ಜಾಸ್ತಿ ಬಿಟ್ಟು, ಸುತ್ತಲೂ ಗೆರೆ ಎಳೆದರು. ಆ ಗೆರೆ ಮೇಲೆ ಅದೇ ಹಗ್ಗ ಹಾಸಿದರು. ತುದಿಗೆ ತುದಿ ಸೇರಿತು. ರಾತ್ರಿ ಲಾಟೀನಿನ ಮುಂದೆ ನಾನು ಲೆಕ್ಕ ಹಾಕಿದೆ. ಚಿಕ್ಕಪ್ಪನದು 75 ಚದರ ಮಾರು. ಚೌಕ ಮಾಡಿದ್ದರೆ 100. ತಾತನ ಕಣ 127! ಸ್ಲೇಟು ಒರೆಸಿ ಒರೆಸಿ ಮತ್ತೆ ಮಾಡಿದೆ. 127ಏ ಬಂತು.

ಅದಕ್ಕಿಂತ ಜಾಸ್ತಿ ಸಾಧ್ಯವೇ ಇಲ್ಲ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, 12.57ರಿಂದ ಭಾಗಿಸಿ. ಹಗ್ಗಕ್ಕೆ ಸಿಗುವ ಜಾಗದ ಮೇಲ್ಮಿತಿ ಅದು. ದುಂಡಗಿಲ್ಲದ ಯಾವ ಆಕಾರವನ್ನಾದರೂ ತಿದ್ದಿ, ಅದೇ ಹಗ್ಗದಲ್ಲಿ ಇನ್ನಷ್ಟು ಜಾಗ ಹಿಡಿಯಬಹುದು ಎಂದು 1838ರಲ್ಲಿ ಗಣಿತಜ್ಞ ಯಾಕೋಬ್ ಸ್ಟೈನರ್ ತೋರಿಸಿದರು. ಮಕ್ಕಳಿಗೆ ಇದನ್ನು ಸುಮ್ನೆ ಸೂತ್ರ ಅಂತ ಬಾಯಿಪಾಠ ಮಾಡಿಸಬೇಡಿ, ದಯವಿಟ್ಟು. ಕೈಗೆ ಒಂದು ಹಗ್ಗ ಕೊಡಿ.

ಇನ್ನು ಸ್ವಲ್ಪವೇ ಸಮಯ ಇದೆ. ಬಯಲು ಬಿಟ್ಟು ಬೇರೆ ಮೈಗಳ ಮೇಲೆ ಈ ಹಗ್ಗದ ಲೆಕ್ಕ ಹೇಗೆ ಅಂತ ನೋಡೋಣ. ಗೋಡೆಗೆ ಹೂವಿನ ಡಿಸೈನ್ ಉರುಳಿಸುವ ರೋಲರ್ ನೋಡಿದ್ದೀರಲ್ಲ? ರೋಲರ್ ಮೇಲೆ ಒಂದೇ ಹೂವು, ಗೋಡೆ ಮೇಲೆ ಸಾಲು ಹೂವು. ಗಣಿತದಲ್ಲಿ ಆ ಗೋಡೆ ರೋಲರಿನ 'ಹೊದಿಕೆ', ಅಂದರೆ ರೋಲರಿನ ಮೈಯನ್ನು ಮತ್ತೆ ಮತ್ತೆ ಬಿಚ್ಚಿ ಹಾಸಿದ ಹಾಳೆ. ರೋಲರಿನ ನಡುವಿಗೆ ದಾರ ಕಟ್ಟಿ. ಗಂಟು ಬಿತ್ತು, ಆದರೆ ಅದರೊಳಗೆ ಜಾಗ ಎಲ್ಲಿ? ಗೋಡೆ ಮೇಲೆ ಅದು ಒಂದು ಹೂವಿನಿಂದ ಪಕ್ಕದ ಹೂವಿಗೆ ಎಳೆದ ಗೆರೆ, ಅಷ್ಟೇ. ಗೋಡೆ ಮೇಲೂ ತುದಿಗೆ ತುದಿ ಸೇರಿದರೆ ಮಾತ್ರ ತಾತನ ಲೆಕ್ಕ ನಡೆಯುತ್ತದೆ.

ಒಂದು ತೂತಿನ ಉದ್ದಿನ ವಡೆಗೂ ಹೊದಿಕೆ ಬಯಲಿನಂತೆ ಸಪಾಟು. ಅಲ್ಲಿ ಹಗ್ಗ ಎರಡರಷ್ಟಾದರೆ ಜಾಗ ನಾಲ್ಕರಷ್ಟು. ಎರಡು ತೂತಿನ ವಡೆಯ ಹೊದಿಕೆ ಮಾತ್ರ ಎಲೆಕೋಸಿನ ಎಲೆಯಂತೆ ನಿರಿಗೆ ನಿರಿಗೆ. ಅಲ್ಲಿ ಉದ್ದದ ಹಗ್ಗವನ್ನು ಎರಡರಷ್ಟು ಮಾಡಿದರೂ ಜಾಗ ಹೆಚ್ಚುಕಮ್ಮಿ ಎರಡರಷ್ಟೇ. ಆದರೆ ಅಲ್ಲೂ, ಕೇಳಿ, ಜಾಸ್ತಿ ಜಾಗ ಹಿಡಿಯುವುದು ದುಂಡೇ. ನಮಸ್ಕಾರ.