ದೆವ್ವವೇ ಇಲ್ಲದ ಹಾರರ್ ಸಿನಿಮಾ

ಎಲ್ಲರಿಗೂ ನಮಸ್ಕಾರ. ಈಗ ನಾವು ನೋಡಿದ 'ವಿಚ್‌ಫೈಂಡರ್ ಜನರಲ್' 1968ರ ಬ್ರಿಟಿಷ್ ಸಿನಿಮಾ. ಹೆಸರಿನ ಅರ್ಥ, ಮಾಟಗಾತಿಯರನ್ನು ಹುಡುಕುವವರ ಮುಖ್ಯಸ್ಥ. ಹಾರರ್ ಅಂತಲೇ ಇದನ್ನು ಮಾರಿದರು. ಆದರೆ ಇದರಲ್ಲಿ ಒಂದಾದರೂ ದೆವ್ವ ಬಂತಾ? ಎಲ್ಲಾದರೂ ಮಾಟ ಫಲಿಸಿತಾ? ಇಲ್ಲ ಅಲ್ವಾ. ಶುರುವಿನಲ್ಲೇ ಗಲ್ಲುಮರಕ್ಕೆ ಮೊಳೆ ಹೊಡೆಯುವ ಸದ್ದು ಕೇಳಿಸುತ್ತದೆ. ಹಸಿರು ಗುಡ್ಡ, ಒಳ್ಳೆ ಬಿಸಿಲು. ಕಿರುಚುತ್ತಿರುವ ಒಬ್ಬ ಹೆಂಗಸನ್ನು ಜನ ದರದರ ಎಳೆದುಕೊಂಡು ಬರುತ್ತಾರೆ. ದೂರದಲ್ಲಿ ಕುದುರೆ ಮೇಲೆ ಕೂತ ಒಬ್ಬ ಸುಮ್ನೆ ನೋಡುತ್ತಿರುತ್ತಾನೆ. ಅವನೇ ಮ್ಯಾಥ್ಯೂ ಹಾಪ್ಕಿನ್ಸ್.

ಈ ಹಾಪ್ಕಿನ್ಸ್ ನಿಜವಾಗಿ ಇದ್ದವನು. ಇಂಗ್ಲೆಂಡಿನ ಪೂರ್ವ ಭಾಗದಲ್ಲಿ, ಎಸೆಕ್ಸ್‌ನ ಮ್ಯಾನಿಂಗ್‌ಟ್ರೀ ಎಂಬ ಊರಿನಲ್ಲಿ. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿತ್ತು, ಕೋರ್ಟು ಕಚೇರಿಗಳ ಹಿಡಿತ ಸಡಿಲವಾಗಿತ್ತು. ಆ ಸಂದಿನಲ್ಲಿ ಇವನು ಎದ್ದ. 'ವಿಚ್‌ಫೈಂಡರ್ ಜನರಲ್' ಅನ್ನೋ ಪದವಿಯನ್ನು ಪಾರ್ಲಿಮೆಂಟ್ ಕೊಟ್ಟಿರಲಿಲ್ಲ, ಅವನೇ ಇಟ್ಟುಕೊಂಡದ್ದು. 1645ರಿಂದ ಎರಡೇ ವರ್ಷದಲ್ಲಿ ಅವನ ಕಾಟಕ್ಕೆ ನೂರಕ್ಕೂ ಹೆಚ್ಚು ಜನ ಸತ್ತರು ಅಂತ ಇತಿಹಾಸಕಾರರ ಅಂದಾಜು. ಬೆರಿ ಸೇಂಟ್ ಎಡ್ಮಂಡ್ಸ್ ಅನ್ನೋ ಊರಲ್ಲಿ ಒಂದೇ ದಿನ 18 ಜನರನ್ನು ನೇಣಿಗೆ ಹಾಕಿದರು.

ಇಂಗ್ಲೆಂಡಿನ ಕಾನೂನು ಚಿತ್ರಹಿಂಸೆಗೆ ಒಪ್ಪುತ್ತಿರಲಿಲ್ಲ. ಅದಕ್ಕೇ ಹಾಪ್ಕಿನ್ಸ್ ಗಾಯ ಕಾಣದ ದಾರಿ ಹಿಡಿದ: ನಿದ್ದೆಗೆಡಿಸುವುದು. ಆಪಾದನೆ ಹೊತ್ತವಳನ್ನು ಕೋಣೆಯಲ್ಲಿ ಕೂರಿಸಿ ರಾತ್ರಿಯೆಲ್ಲ ಕಾವಲು. ತೂಕಡಿಸಿದರೆ ಎಬ್ಬಿಸಿ ನಡೆಸುವುದು. ಪ್ರಾಣಿ ರೂಪದ ಅವಳ ಸಾಕು ದೆವ್ವಗಳು ಅವಳ ರಕ್ತ ಹೀರಲು ಬರುತ್ತವಾ ಅಂತ ಕಾಯುತ್ತಿದ್ದೇವೆ ಅನ್ನೋದು ನೆಪ. ಎಲಿಜಬೆತ್ ಕ್ಲಾರ್ಕ್ ಒಂಟಿಕಾಲಿನ ಬಡ ವಿಧವೆ, ವಯಸ್ಸಾದವಳು. ಕೆಲವು ರಾತ್ರಿ ಹೀಗೆ ಕಳೆದ ಮೇಲೆ ದೆವ್ವಗಳ ಹೆಸರು ಹೇಳಿದಳು. ಹೋಲ್ಟ್, ಬಿಳಿ ಬೆಕ್ಕಿನ ಮರಿ. ಜರ್ಮಾರಾ, ಕಾಲಿಲ್ಲದ ದಪ್ಪ ನಾಯಿ. ವಿನೆಗರ್ ಟಾಮ್, ಬೇಟೆನಾಯಿಯ ಮೈ, ಎತ್ತಿನ ತಲೆ. ನಿದ್ದೆಯಿಲ್ಲದ ತಲೆಯಲ್ಲಿ ಇನ್ನೇನು ಹುಟ್ಟೀತು? ಹಾಪ್ಕಿನ್ಸ್ ಅದನ್ನೆಲ್ಲ ಸಾಕ್ಷಿ ಅಂತ ಬರೆದುಕೊಂಡ. ಅವಳನ್ನು ನೇಣಿಗೆ ಹಾಕಿದರು.

ಇನ್ನು ದುಡ್ಡು. ಸ್ಟೋಮಾರ್ಕೆಟ್ ಅನ್ನೋ ಊರೊಂದೇ ಈ ಕೆಲಸಕ್ಕೆ 23 ಪೌಂಡ್ ತೆತ್ತಿತು. ಆಗಿನ ಕೂಲಿಯವನೊಬ್ಬ ವರ್ಷವಿಡೀ ದುಡಿದರೂ ಕೈಗೆ ಬಾರದ ಮೊತ್ತ. ಸಿನಿಮಾ ಇದನ್ನು ಚೆನ್ನಾಗಿ ಹಿಡಿದಿದೆ. ಹಾಪ್ಕಿನ್ಸ್ ದೇವರ ಹೆಸರು ಹೇಳುತ್ತಾನೆ, ಕೆಲಸ ಮುಗಿಸುತ್ತಾನೆ, ಹಣ ಇಸ್ಕೊಂಡು ಮುಂದಿನ ಊರಿಗೆ ಹೊರಡುತ್ತಾನೆ.

ನಿರ್ದೇಶಕ ಮೈಕೆಲ್ ರೀವ್ಸ್‌ಗೆ ಆಗ 24 ವರ್ಷ. ಹಾಪ್ಕಿನ್ಸ್ ಪಾತ್ರಕ್ಕೆ ಅವನಿಗೆ ಡೊನಾಲ್ಡ್ ಪ್ಲೆಸೆನ್ಸ್ ಬೇಕಿತ್ತು. ಹಣ ಹಾಕಿದ ಅಮೆರಿಕದ ಕಂಪನಿ ವಿನ್ಸೆಂಟ್ ಪ್ರೈಸ್ ಬೇಕೆಂದು ಪಟ್ಟು ಹಿಡಿಯಿತು. ಹಾರರ್ ಸಿನಿಮಾಗಳಲ್ಲಿ ಹುಬ್ಬು ಏರಿಸಿ, ದನಿ ಎಳೆದು ಪಾತ್ರ ಮಾಡಿ ಹೆಸರಾದವನು ಪ್ರೈಸ್. ರೀವ್ಸ್ ಅದನ್ನೆಲ್ಲ ಬಿಡಿಸಲು ನೋಡಿದ. ಸೆಟ್ಟಿನಲ್ಲಿ ಇಬ್ಬರಿಗೂ ಸರಿಹೋಗಲಿಲ್ಲ. ಆದರೆ ಸಿನಿಮಾ ನೋಡಿದ ಮೇಲೆ ಪ್ರೈಸೇ ಮೆಚ್ಚಿ ಪತ್ರ ಬರೆದ. ನನ್ನ ಪ್ರಕಾರ ಅವನು ಇಷ್ಟು ತಣ್ಣಗೆ ಇನ್ನೆಲ್ಲೂ ನಟಿಸಿಲ್ಲ. ರೀವ್ಸ್ ಮಾತ್ರ 1969ರ ಫೆಬ್ರವರಿಯಲ್ಲಿ, 25ನೇ ವಯಸ್ಸಿನಲ್ಲಿ, ನಿದ್ದೆ ಮಾತ್ರೆ ಜಾಸ್ತಿಯಾಗಿ ತೀರಿಕೊಂಡ.

ಪ್ರೈಸ್‌ಗೆ ಆಗ ಐವತ್ತು ದಾಟಿತ್ತು. ನಿಜವಾದ ಹಾಪ್ಕಿನ್ಸ್ ಇಪ್ಪತ್ತರ ಹರೆಯದವನು, ಹೆಚ್ಚುಕಡಿಮೆ ರೀವ್ಸ್‌ನ ವಯಸ್ಸು. ಇಲ್ಲೇ ನನ್ನ ತಕರಾರು. ಸಿನಿಮಾದಲ್ಲಿ ಕೆಡುಕೆಲ್ಲ ಹೊರಗಿನಿಂದ, ಕುದುರೆ ಏರಿ ಬರುತ್ತದೆ. ನಿಜದಲ್ಲಿ ಮೊದಲ ದೂರು ಕೊಟ್ಟವರು ಪಕ್ಕದ ಮನೆಯವರು. ಎಲಿಜಬೆತ್ ಕ್ಲಾರ್ಕ್ ಮೇಲೆ ದೂರಿದ್ದು ಅದೇ ಊರಿನ ಒಬ್ಬ ದರ್ಜಿ, ಹೆಂಡತಿಗೆ ಕಾಯಿಲೆ ಬಂತು ಅಂತ. ಪಾದ್ರಿ ಜಾನ್ ಲೋಸ್ ಎಂಬತ್ತರ ಆಸುಪಾಸಿನ ಮುದುಕ, ಊರಿನವರ ಜೊತೆ ವರ್ಷಗಟ್ಟಲೆ ಜಗಳ. ಸಮಯ ನೋಡಿ ಅವರೂ ಮಾಟದ ಆಪಾದನೆ ಹೊರಿಸಿ ಸೇಡು ತೀರಿಸಿಕೊಂಡರು. ನೇಣಿಗೆ ಮುಂಚೆ ತನ್ನ ಅಂತ್ಯಕ್ರಿಯೆಯ ಪ್ರಾರ್ಥನೆಯನ್ನು ಲೋಸ್ ತಾನೇ ಹೇಳಿಕೊಂಡನಂತೆ. ಸಿನಿಮಾದಲ್ಲಿ ಲೋಸ್ ಇದ್ದಾನೆ, ಆ ಜಗಳಗಳಿಲ್ಲ.

ಒಂದು ಕಡೆ ಮಾತ್ರ ರೀವ್ಸ್ ಊರಿನವರನ್ನೂ ಬಿಟ್ಟಿಲ್ಲ. ಲ್ಯಾವೆನ್‌ಹ್ಯಾಮ್ ಚೌಕದಲ್ಲಿ ಹೆಂಗಸನ್ನು ಏಣಿಗೆ ಕಟ್ಟಿ ಬೆಂಕಿಗೆ ಇಳಿಸುವ ದೃಶ್ಯ ನೆನಪಿದೆಯಲ್ಲ? ಮಾಟದ ಆಪಾದನೆಗೆ ಇಂಗ್ಲೆಂಡಿನಲ್ಲಿ ಶಿಕ್ಷೆ ನೇಣು, ಸುಡುವುದಲ್ಲ. ಗಂಡನನ್ನೋ ಯಜಮಾನನನ್ನೋ ಕೊಂದಳು ಅಂತ ತೀರ್ಮಾನವಾದರೆ ಮಾತ್ರ ಸುಡುತ್ತಿದ್ದರು. ಅಷ್ಟರಮಟ್ಟಿಗೆ ದೃಶ್ಯ ತಪ್ಪು. ಆಮೇಲೆ ಆ ಕೆಂಡದಲ್ಲಿ ಮಕ್ಕಳು ಆಲೂಗಡ್ಡೆ ಸುಟ್ಟುಕೊಳ್ಳುತ್ತವೆ. ಇಡೀ ಸಿನಿಮಾದಲ್ಲಿ ನನ್ನನ್ನು ಹೆದರಿಸಿದ್ದು ಅದೊಂದೇ.

ಕೊನೆಯಲ್ಲಿ ಹಾಪ್ಕಿನ್ಸ್‌ಗೆ ಬೀಳುವ ಕೊಡಲಿಯೇಟೂ ಕಟ್ಟುಕತೆಯೇ. ಹಾಪ್ಕಿನ್ಸ್ 1647ರಲ್ಲಿ ತನ್ನೂರಿನಲ್ಲೇ ಸತ್ತ, ಬಹುಶಃ ಕ್ಷಯದಿಂದ. ಜೊತೆಗಾರ ಜಾನ್ ಸ್ಟರ್ನ್ ಸಿನಿಮಾದಲ್ಲಿ ತೋರಿಸಿದಂಥ ಪುಂಡನಲ್ಲ, ಜಮೀನಿದ್ದ ಮರ್ಯಾದಸ್ತ. ಮರುವರ್ಷ ತಾವು ಮಾಡಿದ್ದೆಲ್ಲ ಸರಿಯೆಂದು ಪುಸ್ತಕವನ್ನೇ ಬರೆದ. ಇಬ್ಬರಿಗೂ ಯಾವ ಕೋರ್ಟೂ ಶಿಕ್ಷೆ ಕೊಡಲಿಲ್ಲ. ನಿಮ್ಮ ಪ್ರಶ್ನೆಗಳಿದ್ದರೆ ಈಗ ಕೇಳಿ.