ಗಂಜಿ ಕೇಂದ್ರದ ಹಿತ್ತಿಲು

ಎಲ್ಲರಿಗೂ ನಮಸ್ಕಾರ. ಮಳೆ ಜೋರಾಗುವ ಮುಂಚೆ ಮುಗಿಸಿ ಅಂತ ಹೇಳಿದ್ದಾರೆ. ನೇರ ವಿಷಯಕ್ಕೆ ಬರುತ್ತೇನೆ.

ಮನೆ ಕಳೆದುಕೊಂಡವರನ್ನು ಇರಿಸುವ ಜಾಗಕ್ಕೆ ನಾವು ಗಂಜಿ ಕೇಂದ್ರ ಅನ್ನುತ್ತೇವೆ. ಹೆಸರಿನಲ್ಲೇ ಊಟ ಇದೆ. ಉಂಡವರು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಅನ್ನೋದು ಹೆಸರಿನಲ್ಲಿಲ್ಲ, ಎಷ್ಟೋ ಸಲ ಲೆಕ್ಕದಲ್ಲೂ ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಜಾರಿದಾಗ ಶಾಲೆ, ಸಮುದಾಯ ಭವನಗಳೆಲ್ಲ ತುಂಬಿದವು. ಅಕ್ಕಿ, ಬಿಸ್ಕತ್ತು, ಕಂಬಳಿ ಲಾರಿಗಟ್ಟಲೆ ಬಂತು. ಬಕೆಟ್ಟು, ಚೊಂಬು ಕಳಿಸಿದವರು ಕಡಿಮೆ.

ನಾನು ನೀರು ಸರಬರಾಜಿನ ಕೆಲಸ ಮಾಡಿ ನಿವೃತ್ತನಾದವನು. ಆಗ ಒಂದು ಶಾಲೆಯ ಕೇಂದ್ರದಲ್ಲಿ ನೀರು, ಶೌಚಾಲಯದ ಉಸ್ತುವಾರಿ ನನ್ನ ಪಾಲಿಗೆ ಬಂತು. ಅಲ್ಲಿ ನಾನು ಮಾಡಿದ ಒಂದು ತಪ್ಪನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಮಾತು. ಕಾನೂನಿನ ಲೆಕ್ಕದಲ್ಲಿ ದೇಶದ ಗಡಿ ದಾಟಿ ಬಂದವರು ಮಾತ್ರ ನಿರಾಶ್ರಿತರು. 1951ರ ಅಂತರರಾಷ್ಟ್ರೀಯ ಒಪ್ಪಂದ ಹಾಗೆ ಹೇಳುತ್ತದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ, ಅದು ಬೇರೆ ಕತೆ. ಇಲ್ಲಿ ಕುಶಾಲನಗರದಿಂದ ಕಾವೇರಿ ಸೇತುವೆ ದಾಟಿ ಹೋದರೆ ಬೈಲಕುಪ್ಪೆ. ಅಲ್ಲಿಗೆ 1960ರ ದಶಕದ ಶುರುವಿನಲ್ಲೇ ಬಂದ ಟಿಬೆಟನ್ನರು ಆ ಲೆಕ್ಕಕ್ಕೆ ಸೇರುತ್ತಾರೆ, ಮಕ್ಕಂದೂರಿನವರು ಸೇರುವುದಿಲ್ಲ. ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತಾಗ ಈ ವ್ಯತ್ಯಾಸ ಏನೂ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಇವತ್ತು ಇಬ್ಬರ ಬಗ್ಗೆಯೂ ಒಟ್ಟಿಗೇ ಮಾತಾಡುತ್ತೇನೆ.

ಶಿಬಿರಗಳಿಗೆ ಪ್ರಪಂಚದಾದ್ಯಂತ ಬಳಸುವ ಒಂದು ಕನಿಷ್ಠ ಅಳತೆ ಇದೆ, ಸ್ಫಿಯರ್ ಮಾನದಂಡ ಅಂತ. ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು. 250 ಜನಕ್ಕೆ ಒಂದು ನಲ್ಲಿ. ನಮ್ಮ ಜಲ ಜೀವನ್ ಯೋಜನೆಯ ಲೆಕ್ಕ 55 ಲೀಟರ್, ಅಂದರೆ 15 ಎಷ್ಟು ಕಡಿಮೆ ನೋಡಿ. ಅದಕ್ಕೂ ಪರದಾಟವೇ. 250 ಜನಕ್ಕೆ 15 ಲೀಟರ್ ಅಂದರೆ 3,750 ಲೀಟರ್. ನಲ್ಲಿಯಲ್ಲಿ ನಿಮಿಷಕ್ಕೆ ಏಳೂವರೆ ಲೀಟರ್ ಬಂದರೆ 500 ನಿಮಿಷ ಬೇಕು. ಎಂಟು ಗಂಟೆಗಿಂತ ಜಾಸ್ತಿ! ನಮ್ಮ ಕೇಂದ್ರದಲ್ಲಿ ಕರೆಂಟ್ ಇದ್ದದ್ದೇ ದಿನಕ್ಕೆ ಎರಡು ಮೂರು ಗಂಟೆ. ಹೊರಗೆ ಧೋ ಅಂತ ಮಳೆ, ಒಳಗೆ ನಲ್ಲಿ ಒಣಗಿತ್ತು.

ಆಗ ಜನ ಏನು ಮಾಡಿದರು? ಪಕ್ಕದ ಮನೆಯ ಬಾವಿಗೆ ಹೋದರು. ಆ ಮನೆಯವರು ಒಳ್ಳೆಯವರು. ಮೊದಲ ವಾರ ತಾವೇ ಮೋಟಾರ್ ಹಾಕಿ ಕೊಟ್ಟರು. ಮೂರನೇ ವಾರ ಗೇಟಿಗೆ ಬೀಗ ಬಿತ್ತು. ಎಲ್ಲರೂ ಅವರನ್ನು ಬೈದರು, ನಾನೂ ಮನಸ್ಸಿನಲ್ಲೇ ಬೈದೆ. ಆಮೇಲೆ ಹೋಗಿ ಮಾತಾಡಿಸಿದೆ. ಕಾಫಿ ಕೊಟ್ಟು ಸಮಾಧಾನವಾಗಿ ಹೇಳಿದರು: "ಸಾರ್, ನೀರು ಕೊಡೋಕೆ ನಮಗೇನೂ ಬೇಜಾರಿಲ್ಲ. ಒಂದ್ಸಲ ಬಂದು ಬಾವಿ ಮೂಸಿ ನೋಡಿ."

ನನ್ನ ತಪ್ಪು ಇಲ್ಲೇ ಇದ್ದದ್ದು. ತಾತ್ಕಾಲಿಕ ಶೌಚಾಲಯದ ಗುಂಡಿ ಎಲ್ಲಿ ಅಂತ ಜಾಗ ತೋರಿಸಿದವನು ನಾನೇ. ಗುಂಡಿಗೂ ಬಾವಿಗೂ 30 ಮೀಟರ್ ಇರಬೇಕು ಅನ್ನೋ ನಿಯಮ ಗೊತ್ತಿತ್ತು. ಟೇಪ್ ಹಿಡಿದು ಅಳೆದಿದ್ದೆ, 34 ಮೀಟರ್ ಇತ್ತು. ಆದರೆ ಶಾಲೆ ಮೇಲೆ, ಬಾವಿ ಕೆಳಗೆ. ಅದೇ ನಿಯಮದ ಇನ್ನೊಂದು ಸಾಲನ್ನು ಮರೆತಿದ್ದೆ: ಗುಂಡಿಯ ತಳ ಅಂತರ್ಜಲದಿಂದ ಒಂದೂವರೆ ಮೀಟರ್ ಮೇಲಿರಬೇಕು. ಆಗಸ್ಟ್ ತಿಂಗಳಲ್ಲಿ, ಕೊಡಗಿನಲ್ಲಿ! ಬಾವಿಗೆ ಬಗ್ಗಿ ಚೊಂಬಿನಲ್ಲಿ ನೀರು ತೆಗೆಯುವ ಕಾಲ ಅದು. ಅಗೆದ ಗುಂಡಿಗೆ ನಾವು ಬಳಸುವ ಮುಂಚೆಯೇ ಅರ್ಧ ನೀರು ತುಂಬಿತ್ತು. ಅದನ್ನು ನೋಡಿಯೂ ನನಗೆ ಹೊಳೆಯಲಿಲ್ಲ.

1994ರ ಜುಲೈನಲ್ಲಿ ರುವಾಂಡಾದಿಂದ ಓಡಿಬಂದವರು ಗಡಿಯಾಚೆ, ಈಗಿನ ಕಾಂಗೋದ ಗೋಮಾ ಎಂಬಲ್ಲಿ ತಂಗಿದರು. ಅದು ಜ್ವಾಲಾಮುಖಿಯ ಕಲ್ಲುನೆಲ, ಗುಂಡಿ ತೋಡಲು ಗುದ್ದಲಿ ಇಳಿಯಲಿಲ್ಲ. ಕುಡಿಯಲು ಪಕ್ಕದ ಕೆರೆಯ ನೀರು. ಕಾಲರಾ, ಆಮಶಂಕೆಯಲ್ಲಿ ಒಂದೇ ತಿಂಗಳಿಗೆ ಸುಮಾರು 50 ಸಾವಿರ ಜನ ಸತ್ತರು. ಸ್ಫಿಯರ್ ಮಾನದಂಡ ಹುಟ್ಟಿಕೊಂಡದ್ದೂ ಆ ಅನುಭವದ ನಂತರವೇ. ಅಲ್ಲಿ ಕಲ್ಲು, ನಮ್ಮಲ್ಲಿ ನೀರು. ಎರಡು ಕಡೆಯೂ ಪುಸ್ತಕದ ಗುಂಡಿ ಕೆಲಸಕ್ಕೆ ಬಾರದು.

ನಾವು ಕೊನೆಗೆ ಗುಂಡಿ ಮುಚ್ಚಿದೆವು. ನೆಲದ ಮೇಲೆಯೇ ದೊಡ್ಡ ಟ್ಯಾಂಕ್ ಇಟ್ಟು, ಅದರ ಮೇಲೆ ಹಲಗೆ, ನಾಲ್ಕು ಮೆಟ್ಟಿಲು, ಸುತ್ತ ಶೀಟ್. ವಾರಕ್ಕೊಮ್ಮೆ ಸಕ್ಕಿಂಗ್ ಗಾಡಿ. ನೋಡಲು ಚೆನ್ನಾಗಿರಲಿಲ್ಲ, ಕಾವಲು ಗೋಪುರದ ಹಾಗಿತ್ತು. ಮಕ್ಕಳು ನಗುತ್ತಿದ್ದರು. ನೆಲಕ್ಕೆ ಏನೂ ಇಳಿಯಲಿಲ್ಲ, ಅಷ್ಟು ಸಾಕಿತ್ತು. ಆ ಮನೆಯವರ ಬಾವಿಯನ್ನು ಖಾಲಿ ಮಾಡಿಸಿ, ಬ್ಲೀಚಿಂಗ್ ಹಾಕಿ ತೊಳೆಸಿಕೊಟ್ಟೆವು. ಅವರ ಕರೆಂಟ್ ಬಿಲ್ಲನ್ನೂ ಕೇಂದ್ರದ ಖರ್ಚಿಗೆ ಸೇರಿಸಿದೆವು. ಬೀಗ ತೆಗೆದರು.

ಬ್ಲೀಚಿಂಗ್ ಪುಡಿಯ ಬಗ್ಗೆ ಚಿಕ್ಕದಾಗಿ. ಒಳ್ಳೆಯ ಪುಡಿಯಾದರೆ ಸಾವಿರ ಲೀಟರ್ ತಿಳಿನೀರಿಗೆ ಎರಡೂವರೆ ಗ್ರಾಂ ಸಾಕು. ಕೆಂಪು ನೀರಿಗೆ ಸಾಲದು, ಆ ಕೆಸರೇ ಕ್ಲೋರಿನ್ ತಿಂದುಬಿಡುತ್ತದೆ. ನಮ್ಮ ತೇವಕ್ಕೆ ಬಾಯಿ ತೆರೆದಿಟ್ಟ ಪುಡಿ ಕೆಲವೇ ದಿನಕ್ಕೆ ಸುಮ್ನೆ ಸುಣ್ಣದ ಹಾಗೆ. ಕಲಸಿ ಒಂದು ಗಂಟೆ ಬಿಡಿ. ವಾಸನೆ ಅಂತ ಜನ ಕುಡಿಯುವುದಿಲ್ಲ, ಅವರ ಮುಂದೆ ನೀವೇ ಒಂದು ಲೋಟ ಕುಡಿಯಿರಿ.

ಇನ್ನು ಹೆಂಗಸರ ವಿಷಯ. ನಮ್ಮ ಕೇಂದ್ರದಲ್ಲಿ ಒಬ್ಬ ಅಜ್ಜಿ ಸಂಜೆ ನಾಲ್ಕರ ನಂತರ ನೀರೇ ಮುಟ್ಟುತ್ತಿರಲಿಲ್ಲ. ಕೇಳಿದರೆ, "ರಾತ್ರಿ ಆ ಕತ್ತಲಲ್ಲಿ ಎದ್ದು ಹೋಗೋದು ಯಾರು ಮಗ?" ಅಂದರು. 20 ಜನಕ್ಕೊಂದು ಶೌಚಾಲಯ, ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರು ಅನ್ನುತ್ತದೆ ಮಾನದಂಡ. ನಮ್ಮಲ್ಲಿ ಸಮ ಸಮ ಇತ್ತು, ಬಾಗಿಲಿಗೆ ಒಳಗಿನ ಚಿಲಕ ಇರಲಿಲ್ಲ, ಬಲ್ಬೂ ಇರಲಿಲ್ಲ. ದಾನವಾಗಿ ಪ್ಯಾಡ್‌ಗಳು ಪೆಟ್ಟಿಗೆಗಟ್ಟಲೆ ಬಂದವು. ಹಾಕಲು ಒಂದು ಡಬ್ಬಿ ಇಡಬೇಕು ಅಂತ ಗಂಡಸರಾದ ನಮಗೆ ತೋಚಲಿಲ್ಲ. ಪೈಪ್ ಕಟ್ಟಿಕೊಂಡ ಮೇಲೆ ತೋಚಿತು. ಬಟ್ಟೆ ಬಳಸುವವರ ಕಷ್ಟ ಇನ್ನೊಂದು ಥರ. ಮನೆಯಲ್ಲಾದರೆ ಒಲೆಯ ಹತ್ತಿರ ಒಣಗಿಸುತ್ತಾರೆ. ಶಾಲೆಯಲ್ಲಿ ಒಲೆ ಎಲ್ಲಿ?

ಕೈ ತೊಳೆಯುವುದನ್ನು ಮಕ್ಕಳಿಗೆ ಹೇಳಿಕೊಡುತ್ತೇವೆ, ಸೋಪು ಕೊಡುವುದಿಲ್ಲ. ತಲೆಗೆ ತಿಂಗಳಿಗೆ 250 ಗ್ರಾಂ ಸ್ನಾನದ ಸೋಪು ಅನ್ನುವುದೂ ಲೆಕ್ಕದಲ್ಲಿರುವ ಬಾಬ್ತೇ. ಭೇದಿ ಬಂದುಬಿಟ್ಟರೂ ದಾರಿ ಇದೆ. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದಾಗ, ಡಾಕ್ಟರ್ ದಿಲೀಪ್ ಮಹಾಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮಿನಲ್ಲಿಟ್ಟು ಮನೆಯವರ ಕೈಯಲ್ಲೇ ಕುಡಿಸಿದರು. ಸಾವು ನೂರಕ್ಕೆ 30ರಿಂದ 4ಕ್ಕಿಂತ ಕೆಳಗಿಳಿಯಿತು. ಇವತ್ತಿನ ಓಆರ್‌ಎಸ್ ಪೊಟ್ಟಣದ ಮೇಲೆ ಜಗತ್ತಿಗೆ ನಂಬಿಕೆ ಬಂದದ್ದು ಅಲ್ಲಿಂದ.

ಕೊನೆಗೆ ಮತ್ತೆ ಆ ಬಾವಿ ಮನೆಯವರಂಥ ನೆರೆಯವರ ಮಾತು. ಬಾಂಗ್ಲಾದೇಶದ ಉಖಿಯಾ, ಟೆಕ್ನಾಫ್‌ಗಳಿಗೆ 2017ರಲ್ಲಿ ಮ್ಯಾನ್ಮಾರ್‌ನಿಂದ ಏಳು ಲಕ್ಷಕ್ಕೂ ಜಾಸ್ತಿ ರೋಹಿಂಗ್ಯಾ ಜನ ಬಂದರು. ಇವತ್ತು ಅಲ್ಲಿ ಸ್ಥಳೀಯರಿಗಿಂತ ಬಂದವರೇ ಹೆಚ್ಚು. ನಮ್ಮ ಹಾಗೇ ಗುಡ್ಡ, ನಮ್ಮ ಹಾಗೇ ಜಾರುವ ಮಣ್ಣು. ಅವಸರದಲ್ಲಿ ಗುಂಡಿಯ ಪಕ್ಕದಲ್ಲೇ ಕೊಳವೆಬಾವಿ ಹಾಕಿ ನೀರು ಕೆಟ್ಟಿತು. ಉಗಾಂಡಾದವರು ನೆರವಿನಲ್ಲಿ ನೂರಕ್ಕೆ 30 ಪಾಲು ಊರಿನವರಿಗೂ ಸಿಗಬೇಕು ಅಂತ ನಿಯಮ ಇಟ್ಟುಕೊಂಡರು. ಬಂದವರಿಗೆ ಬೋರ್‌ವೆಲ್ ಕೊರೆದರೆ ಹಳ್ಳಿಯವರೂ ಅದರಲ್ಲೇ ನೀರು ಹಿಡಿಯುತ್ತಾರೆ. ನಮ್ಮ ಪರಿಹಾರದ ಪಟ್ಟಿಯಲ್ಲಿ ಪಕ್ಕದ ಮನೆಯವರಿಗೆ ಅಂತ ಒಂದು ಕಾಲಂ ನಾನು ಇನ್ನೂ ನೋಡಿಲ್ಲ.

ಈ ಸಭಾಂಗಣವನ್ನೂ ಮಳೆಗಾಲದಲ್ಲಿ ಕೇಂದ್ರ ಮಾಡುತ್ತಾರಂತೆ. ಹಿಂದೆ ಒಂದು ಬಾವಿ ಇದೆ, ಅದರ ಆಚೆ ನಾಲ್ಕು ಮನೆಗಳಿವೆ. ಗಂಟು ಹಾಕಿದ ಹಗ್ಗ ತಂದಿದ್ದೇನೆ, ಗಂಟಿಗೆ ಗಂಟಿಗೆ ಅರ್ಧ ಮೀಟರ್. ಚಹಾ ಆಮೇಲೆ ಕುಡಿಯೋಣ. ಬನ್ನಿ, ನೀರು ಎಷ್ಟು ಮೇಲಿದೆ ನೋಡೋಣ. ಆ ಮನೆಯವರನ್ನೂ ಕರೆದಿದ್ದೇನೆ.