ಮೂರನೆಯ ರಾತ್ರಿ

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನ ಕಡೆ ಮಾತಿಗೆ ಬರವಿಲ್ಲ. ಯಕ್ಷಗಾನ ಕವಿ, ಕುಂಬಳೆಯ ಪಾರ್ತಿಸುಬ್ಬನ ಸೀಮೆಯಿದು. ವೇಷ, ಕುಣಿತವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಯಲ್ಲಿ ಒಂದೇ ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳುವವರು ಊರಿಗೊಬ್ಬರಾದರೂ ಸಿಗುತ್ತಾರೆ. ಮದ್ಯವರ್ಜನ ಶಿಬಿರ ಮುಗಿಸಿ ಬಂದ ಹೊಸತರಲ್ಲಿ ನಾನೂ ಅರ್ಥಧಾರಿಯೇ ಆಗಿಬಿಟ್ಟೆ. ಬದಿಯಡ್ಕದ ಹತ್ತಿರದ ನಮ್ಮ ಭಜನಾ ಮಂದಿರದಲ್ಲಿ ಮಂಗಳಾರತಿಯಾದ ಮೇಲೆ ಎದ್ದು ನಿಂತು, ದೇವರು ನನ್ನನ್ನು ಕೈಹಿಡಿದು ಎತ್ತಿದ ಬಗೆಯನ್ನು ವರ್ಣಿಸುತ್ತಿದ್ದೆ. ಹೆಂಗಸರು ತಲೆದೂಗುತ್ತಿದ್ದರು. ಯಾರಿಗಾಗಿ ಹೇಳುತ್ತಿದ್ದೆನೋ ಅವರು ಮಾತ್ರ ಹೊರಗೆ ಚಪ್ಪಲಿ ಹುಡುಕುತ್ತಿದ್ದರು.

ಅಮೆರಿಕದ ಬಿಲ್ ವಿಲ್ಸನ್‌ನ ಪಾಡೂ ಇದೇ ಆಗಿತ್ತು. 1934ರ ಡಿಸೆಂಬರಿನಲ್ಲಿ ಕುಡಿತ ಬಿಟ್ಟವನು ತಿಂಗಳುಗಟ್ಟಲೆ ಬೇರೆ ಕುಡುಕರಿಗೆ ದೇವರ ಅನುಭವವನ್ನು ಬೋಧಿಸಿದ, ಯಾರೂ ಬಿಡಲಿಲ್ಲ. ಬೋಧನೆ ಸಾಕು, ಈ ರೋಗ ದೇಹವನ್ನು ಏನು ಮಾಡುತ್ತದೆಂದು ಮೊದಲು ಹೇಳು ಎಂದರು ಅವನ ವೈದ್ಯರು. ಮರುವರ್ಷ ಮೇ ತಿಂಗಳಲ್ಲಿ, ಆಕ್ರನ್ ಎಂಬ ಊರಿನಲ್ಲಿ, ಹದಿನೈದೇ ನಿಮಿಷವೆಂದು ಷರತ್ತು ಹಾಕಿ ಬಂದ, ತಾವೂ ಕುಡುಕರಾಗಿದ್ದ ಡಾಕ್ಟರ್ ಬಾಬ್ ಸ್ಮಿತ್ ಗಂಟೆಗಟ್ಟಲೆ ಅವನೆದುರು ಕುಳಿತರು. ಬಿಲ್ ಹೇಳಿದ್ದು ತನ್ನದೇ ಕುಡಿತದ ಕಥೆ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ, ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಈ ಇಬ್ಬರಿಂದ.

ನಾನು ಇದನ್ನು ಜಾರಿ ಬಿದ್ದು ಕಲಿತೆ. ಶಿಬಿರವಾಗಿ ಏಳನೆಯ ತಿಂಗಳು, ಅಡಿಕೆ ಮಾರಿದ ದುಡ್ಡು ಜೇಬಿನಲ್ಲಿತ್ತು, ಕುಡಿದೆ. ಮುಂದಿನ ಭಜನೆಯ ದಿನ ಅದನ್ನೇ ಹೇಳಿದೆ. ಎಷ್ಟು ಕುಡಿದೆ, ತೂಕ ಕಡಿಮೆ ಬಂತೆಂದು ಹೆಂಡತಿಗೆ ಹೇಗೆ ಸುಳ್ಳು ಹೇಳಿದೆ, ಅವಳು ಚೀಟಿ ಕೇಳಿದಾಗ ಹೇಗೆ ಸಿಡುಕಿದೆ, ಎಲ್ಲವನ್ನೂ. ಕಾಲು ನಡುಗುತ್ತಿತ್ತು. ಅಂದು ಯಾರೂ ತಲೆದೂಗಲಿಲ್ಲ.

ಎಂದೂ ಒಳಗೆ ಬಾರದೆ ಜಗಲಿಯ ಕಂಬಕ್ಕೆ ಒರಗಿರುತ್ತಿದ್ದ, ಅಡಿಕೆ ಮರ ಹತ್ತುವ ಹುಡುಗನೊಬ್ಬ ಎಲ್ಲರೂ ಹೋಗುವವರೆಗೆ ಕಾದ.

"ಅಣ್ಣಾ, ಬಿಟ್ಟ ಮೂರನೆಯ ರಾತ್ರಿ ನಿಮಗೂ ಗೋಡೆಯ ಮೇಲೆ ಇರುವೆ ಹರಿದಂತೆ ಕಂಡಿತ್ತೇ? ನಾನು ಹೆದರಿ ಅಂದೇ ಮತ್ತೆ ಕುಡಿದೆ."

ದೇವರ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಕಂಡಿತ್ತು ಎಂದೆ, ಹೊದಿಕೆಯನ್ನು ಕೊಡವಿ ಕೊಡವಿ ಕೈ ಸೋತದ್ದನ್ನೂ ಹೇಳಿದೆ. ಆದರೆ ಶಿಬಿರದಲ್ಲಿ ನನ್ನ ಪಕ್ಕ ಡಾಕ್ಟರಿದ್ದರು. ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಭ್ರಮೆ, ಅಪಸ್ಮಾರ ಬರಬಹುದು, ಪ್ರಾಣಕ್ಕೂ ಅಪಾಯ. ಅದಕ್ಕೆ ಮದ್ದು ಬೇಕು, ಭಜನೆ ಸಾಲದು. ಹೀಗೆಂದದ್ದಕ್ಕೆ ಮಂದಿರದ ಹಿರಿಯರೊಬ್ಬರು ಇಂದಿಗೂ ನನ್ನೊಡನೆ ಸರಿಯಾಗಿ ಮಾತನಾಡುವುದಿಲ್ಲ. ಇರಲಿ.

ಮರುದಿನ ಬೆಳಗ್ಗಿನ ಮೊದಲ ಬಸ್ಸಿಗೆ ಇಬ್ಬರೂ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಅವನದೇ ಮಾತು. ಶೇಂದಿ ಅಂಗಡಿಯ ಮುಂದೆ ಬಸ್ಸು ನಿಂತಾಗ ಮಾತ್ರ ಸುಮ್ಮನಾದ. ನಾನೂ ಸುಮ್ಮನಿದ್ದೆ.